ಕಮಿಷನ್ ಪಟ್ಟಿಯಲ್ಲಿ ಕಾಣದ ಖರ್ಚು

ಫೆಬ್ರವರಿಯ ಒಂದು ಭಾನುವಾರ ದಾವಣಗೆರೆಯ ಹುಡುಗನೊಬ್ಬ ಸ್ವಿಟ್ಜರ್ಲ್ಯಾಂಡ್‌ನ ಬಾಸೆಲ್‌ನಲ್ಲಿರುವ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಇಲ್ಲಿನ ಔಷಧ ಕಂಪನಿಯಲ್ಲಿ ಕೆಲಸ. ಬಂದು ಇನ್ನೂ ಬಹಳ ದಿನ ಆಗಿಲ್ಲ. ಉಳಿಸಿದ ದುಡ್ಡನ್ನು ಷೇರುಗಳಲ್ಲಿ ಹಾಕಬೇಕು ಅಂತ ಆಸೆ. ಎಕ್ಸೆಲ್ ಹಾಳೆಯಲ್ಲಿ ಸ್ವಿಸ್ ಬ್ಯಾಂಕುಗಳು, ಆನ್‌ಲೈನ್ ಬ್ರೋಕರ್‌ಗಳು, ಜೊತೆಗೆ ಒಂದು ವಿದೇಶಿ ಬ್ರೋಕರ್, ಎಲ್ಲರ ಕಮಿಷನ್ ಬರೆದು ತಂದಿದ್ದ.

"ಅಕ್ಕಾ, ಇದರಲ್ಲಿ ಯಾವುದು ಅಗ್ಗ ಅಂತ ಹೇಳಿ, ಸಾಕು" ಅಂದ.

ಅಷ್ಟು ಹೇಳಿದರೆ ಸಾಕಾಗುವುದಿಲ್ಲ. ನಾವಿಬ್ಬರೂ ಒಂದು ಲೆಕ್ಕ ಹಾಕಿದೆವು. 10,000 ಫ್ರಾಂಕಿಗೆ ಅಮೆರಿಕದ ಷೇರು ಕೊಳ್ಳುವುದು ಅಂತ ಇಟ್ಟುಕೊಂಡೆವು. ಅವನ ಪಟ್ಟಿಯ ಒಂದು ಸ್ವಿಸ್ ಬ್ಯಾಂಕಿನಲ್ಲಿ ಕಮಿಷನ್ ಸುಮಾರು 40 ಫ್ರಾಂಕ್. ಅದರ ಮೇಲೆ ಸ್ವಿಸ್ ಮುದ್ರಾಂಕ ಸುಂಕ ಇದೆ. ಸ್ವಿಸ್ ಬ್ರೋಕರ್ ಮೂಲಕ ಕೊಂಡರೂ ಮಾರಿದರೂ ವಿದೇಶಿ ಷೇರಿಗೆ ಶೇ. 0.15, ಸ್ವಿಸ್ ಷೇರಿಗೆ ಶೇ. 0.075. ಅಂದರೆ ಇಲ್ಲಿ 15 ಫ್ರಾಂಕ್. ಕೊನೆಗೆ ಫ್ರಾಂಕನ್ನು ಡಾಲರ್ ಮಾಡುವ ಖರ್ಚು. ಆ ಬ್ಯಾಂಕ್ ಸುಮಾರು ಶೇ. 1 ತೆಗೆದುಕೊಳ್ಳುತ್ತಿತ್ತು. ಅಲ್ಲಿಗೆ ಇನ್ನೊಂದು 100 ಫ್ರಾಂಕ್. ಮೂರರಲ್ಲಿ ಅತಿ ದೊಡ್ಡ ಖರ್ಚು ಅವನ ಹಾಳೆಯಲ್ಲಿ ಇರಲೇ ಇಲ್ಲ.

"ಹಾಗಾದ್ರೆ ವಿದೇಶಿ ಬ್ರೋಕರೇ ಸರಿ ಅಲ್ವಾ?" ಅಂತ ಕೇಳಿದ. ಖರೀದಿಯ ದಿನಕ್ಕೆ ಹೌದು. ಕಮಿಷನ್ ಕಡಿಮೆ, ಡಾಲರ್ ಅಗ್ಗ, ಮುದ್ರಾಂಕ ಸುಂಕವೂ ಇಲ್ಲ. ಆದರೆ ಷೇರು ಕೊಂಡ ಮೇಲೆ ಡಿವಿಡೆಂಡ್, ಅಂದರೆ ಕಂಪನಿ ಹಂಚುವ ಲಾಭದ ಪಾಲು, ಬರುತ್ತದೆ. ಬರುವಾಗಲೇ ತೆರಿಗೆ ಕಡಿತ ಆಗಿರುತ್ತದೆ. ಆ ಕಡಿತದಲ್ಲಿ ಒಂದು ಭಾಗ ನಮ್ಮದೇ ದುಡ್ಡು. ಅದನ್ನು ವಾಪಸ್ ತರುವ ಕಾಗದ ಯಾರು ಕೊಡುತ್ತಾರೆ, ಎಷ್ಟಕ್ಕೆ ಕೊಡುತ್ತಾರೆ ಅನ್ನುವುದೂ ಬ್ರೋಕರ್‌ನ ಬೆಲೆಯೇ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ನಮ್ಮವರು ಇಲ್ಲಿ ಸಂಬಳದ ಬಗ್ಗೆ, ಬಾಡಿಗೆ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಕೇಳಿದರೆ ವಾಪಸ್ ಬರುವ ತೆರಿಗೆಯನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ನನಗೆ ಅದು ನಿಜವಾಗಿ ಬೇಸರ ತರುತ್ತದೆ.

ಅವನ ಹತ್ತಿರ ಆಗಲೇ ಒಂದಿಷ್ಟು ಸ್ವಿಸ್ ಷೇರು ಇತ್ತು. ಹಿಂದಿನ ವರ್ಷ 800 ಫ್ರಾಂಕ್ ಡಿವಿಡೆಂಡ್ ಘೋಷಣೆಯಾಗಿ, ಕೈಗೆ ಬಂದಿದ್ದು 520. ಸ್ವಿಟ್ಜರ್ಲ್ಯಾಂಡ್ ತನ್ನ ಕಂಪನಿಗಳ ಡಿವಿಡೆಂಡ್ ಮೇಲೆ ಮೂಲದಲ್ಲೇ ಶೇ. 35 ಹಿಡಿಯುತ್ತದೆ. ಜನ ತಮ್ಮ ಆದಾಯ, ಆಸ್ತಿ ಮುಚ್ಚಿಡದೆ ತೋರಿಸಲಿ ಅನ್ನುವುದೇ ಇದರ ಉದ್ದೇಶ. ಇಲ್ಲೇ ವಾಸ ಇರುವವರು ತೆರಿಗೆ ರಿಟರ್ನ್‌ನಲ್ಲಿ ಸರಿಯಾಗಿ ತೋರಿಸಿದರೆ ಪೂರ್ತಿ 35 ವಾಪಸ್. ಡಿವಿಡೆಂಡ್ ಮೇಲೆ ಮಾಮೂಲಿ ಆದಾಯ ತೆರಿಗೆ ಮಾತ್ರ ಕಟ್ಟಬೇಕು.

ತೊಡಕು ಏನೆಂದರೆ ಅವನದು ಬಿ ಪರ್ಮಿಟ್, ಅಂದರೆ ಹೊರದೇಶದವರಿಗೆ ಕೊಡುವ ವಾಸದ ಪರವಾನಗಿ. ನಮ್ಮ ಊರಿನ ಟಿಡಿಎಸ್ ಥರ ತೆರಿಗೆ ಸಂಬಳದಲ್ಲೇ ಕಡಿತವಾಗುತ್ತದೆ. ವರ್ಷಕ್ಕೆ 1,20,000 ಫ್ರಾಂಕ್ ದಾಟಿದರೆ ರಿಟರ್ನ್ ಕಡ್ಡಾಯ. ಅವನ ಸಂಬಳ ಅಷ್ಟಿಲ್ಲ, ಹಾಗಾಗಿ ಯಾರೂ ರಿಟರ್ನ್ ಕೇಳಿರಲಿಲ್ಲ. ನಾವೇ ಅರ್ಜಿ ಹಾಕಿ ಪೂರ್ಣ ರಿಟರ್ನ್ ಕೇಳಬಹುದು. ಅದಕ್ಕೆ ಮುಂದಿನ ವರ್ಷದ ಮಾರ್ಚ್ 31 ಗಡುವು. ಆ ದಿನ ದಾಟಿದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಮಾತನ್ನೂ ಅವನಿಗೆ ಒತ್ತಿ ಹೇಳಿದೆ. ಒಮ್ಮೆ ಕೇಳಿದರೆ ಮುಂದಿನ ವರ್ಷಗಳಲ್ಲೂ ರಿಟರ್ನ್ ಸಲ್ಲಿಸಲೇಬೇಕು. ಊರಿನ ಎಫ್‌ಡಿ, ಫ್ಲಾಟ್ ಎಲ್ಲ ತೋರಿಸಬೇಕು. 280 ಫ್ರಾಂಕಿನ ಆಸೆಗೆ ಕಣ್ಣು ಮುಚ್ಚಿ ಸಹಿ ಹಾಕುವ ಕೆಲಸ ಅಲ್ಲ. ಮೊದಲು ಒಟ್ಟು ತೆರಿಗೆ ಎಷ್ಟಾಗುತ್ತದೆ ಅಂತ ನೋಡಬೇಕು. ಅವನ ಲೆಕ್ಕ ನೋಡಿದೆವು, ಲಾಭವೇ ಇತ್ತು.

ಅಮೆರಿಕದ ವಿಷಯಕ್ಕೆ ಬಂದಾಗ ಹೊತ್ತು ಮಧ್ಯಾಹ್ನ ದಾಟಿತ್ತು. ಚಿತ್ರಾನ್ನ ತಿನ್ನುತ್ತಲೇ ಮಾತು ಮುಂದುವರಿಯಿತು. ಅಮೆರಿಕ ಹೊರದೇಶದವರ ಡಿವಿಡೆಂಡ್‌ನಲ್ಲಿ ಶೇ. 30 ಹಿಡಿಯುತ್ತದೆ. ಡಬ್ಲ್ಯೂ-8ಬೆನ್ ಅನ್ನುವ ಫಾರ್ಮ್ ಕೊಟ್ಟಿದ್ದರೆ ಅಮೆರಿಕ ಮತ್ತು ಸ್ವಿಟ್ಜರ್ಲ್ಯಾಂಡ್ ನಡುವಿನ ತೆರಿಗೆ ಒಪ್ಪಂದದ ಪ್ರಕಾರ 15. ಆ ಫಾರ್ಮ್ ಸಹಿ ಹಾಕಿದ ವರ್ಷಕ್ಕೂ ಮುಂದಿನ ಮೂರು ವರ್ಷಕ್ಕೂ ನಡೆಯುತ್ತದೆ, ಆಮೇಲೆ ಹೊಸದು ಕೊಡಬೇಕು. ಸ್ವಿಸ್ ಬ್ಯಾಂಕಿನಲ್ಲಿ ಷೇರು ಇಟ್ಟರೆ ಇನ್ನೊಂದು 15 ಸ್ವಿಟ್ಜರ್ಲ್ಯಾಂಡ್‌ನ ಹೆಸರಿನಲ್ಲಿ ಹಿಡಿದಿಡುತ್ತಾರೆ. ಅದೂ ರಿಟರ್ನ್‌ನಲ್ಲಿ ಕೇಳಿದರೆ ಸಿಗುತ್ತದೆ. ವಿದೇಶಿ ಬ್ರೋಕರ್‌ನಲ್ಲಿ ಈ ಎರಡನೆಯ ಕಡಿತ ಇಲ್ಲ.

ಅಮೆರಿಕಕ್ಕೆ ಹೋದ 15ನ್ನು ಅಮೆರಿಕ ಕೊಡುವುದಿಲ್ಲ. ಡಿಎ-1 ಅನ್ನುವ ಫಾರ್ಮ್ ತುಂಬಿದರೆ ಸ್ವಿಸ್ ತೆರಿಗೆಯಲ್ಲಿ ಅದನ್ನು ಹೊಂದಿಸಿಕೊಡುತ್ತಾರೆ. ಆದರೆ ಎಲ್ಲ ದೇಶಗಳ ಇಂಥ ಉಳಿಕೆ ತೆರಿಗೆ, ಅಂದರೆ ಆ ದೇಶಗಳು ವಾಪಸ್ ಕೊಡದೆ ಇಟ್ಟುಕೊಳ್ಳುವ ಭಾಗ, ಸೇರಿ 100 ಫ್ರಾಂಕ್ ದಾಟಬೇಕು. ದಾಟದಿದ್ದರೆ ಏನೂ ಇಲ್ಲ. ಅಂದರೆ ಅಮೆರಿಕದ ಡಿವಿಡೆಂಡ್ ಒಂದೇ ಇರುವವರಿಗೆ ವರ್ಷಕ್ಕೆ ಸುಮಾರು 670 ಫ್ರಾಂಕ್ ಆದರೂ ಬರಬೇಕು. ಅವನ 10,000ಕ್ಕೆ ಶೇ. 2ರಂತೆ ಬರುವುದು 200. ಉಳಿಕೆ ತೆರಿಗೆ ಬರೀ 30. ಹೀಗಾಗಿ ಅಮೆರಿಕದ ಷೇರುಗಳಿರುವ, ಐರ್ಲೆಂಡ್‌ನಲ್ಲಿ ನೋಂದಾಯಿಸಿದ ಫಂಡ್ ಬಿಟ್ಟು ಅಮೆರಿಕದ ಫಂಡ್ ಕೊಳ್ಳಿ, ಡಿಎ-1 ಸಿಗುತ್ತದೆ ಅಂತ ಯಾರೋ ಕೊಟ್ಟ ಸಲಹೆ ಅವನಿಗೆ ಸದ್ಯಕ್ಕೆ ಉಪಯೋಗವಿಲ್ಲ. ಐರ್ಲೆಂಡ್ ಫಂಡಿನಲ್ಲಿ ಅಮೆರಿಕದ ಷೇರುಗಳ ಡಿವಿಡೆಂಡ್‌ಗೆ ಫಂಡಿನ ಒಳಗೇ 15 ಹೋಗುತ್ತದೆ, ಅದನ್ನು ಯಾರೂ ವಾಪಸ್ ಕೇಳಲಾಗದು. ಸಣ್ಣ ಮೊತ್ತದಲ್ಲಿ ಎರಡೂ ಒಂದೇ.

ಜರ್ಮನಿಯ ಷೇರಿನ ಮೇಲೆ ಅವನಿಗೆ ಆಸೆ ಇತ್ತು. ಅದನ್ನು ನನ್ನ ಫೈಲ್ ತೆಗೆದು ತೋರಿಸಿದೆ. 600 ಯೂರೋ ಡಿವಿಡೆಂಡ್‌ಗೆ ಜರ್ಮನಿ ಶೇ. 26.375 ಹಿಡಿದಿತ್ತು, ಅಂದರೆ 158.25. ಒಪ್ಪಂದದಂತೆ ಅವರಿಗೆ ಸಲ್ಲುವುದು 15, ಅಂದರೆ 90. ಆ 90 ಡಿಎ-1ಗೆ ಹೋಗುತ್ತದೆ. ಮಿಕ್ಕ 68.25 ಯೂರೋವನ್ನು ಬಾನ್‌ನಲ್ಲಿರುವ ಕೇಂದ್ರ ತೆರಿಗೆ ಕಚೇರಿಯಿಂದಲೇ ಕೇಳಬೇಕು. ಫಾರ್ಮ್ ಬೇಕು, ನಾವು ಇಲ್ಲಿ ವಾಸವಿದ್ದೇವೆ ಅಂತ ನಮ್ಮ ಕ್ಯಾಂಟನ್‌ನ (ಇಲ್ಲಿನ ರಾಜ್ಯದ) ದೃಢೀಕರಣ ಬೇಕು, ಬ್ಯಾಂಕಿನ ತೆರಿಗೆ ಪ್ರಮಾಣಪತ್ರ ಬೇಕು. ಡಿವಿಡೆಂಡ್ ಬಂದ ವರ್ಷ ಮುಗಿದು ನಾಲ್ಕು ವರ್ಷದೊಳಗೆ ಕೇಳಬೇಕು. ನಾನು ಆಗ ಖಾತೆ ಇಟ್ಟಿದ್ದ ಬ್ಯಾಂಕ್ ಆ ಒಂದು ಪ್ರಮಾಣಪತ್ರಕ್ಕೆ ಹಾಕಿದ ಶುಲ್ಕ, ವಾಪಸ್ ಬರುವ ದುಡ್ಡಿನ ಅರ್ಧಕ್ಕಿಂತ ಜಾಸ್ತಿ. ಖಾತೆ ತೆರೆಯುವಾಗ ಕೈಗೆ ಕೊಟ್ಟ ಶುಲ್ಕದ ಹಾಳೆಯಲ್ಲಿ ಇದು ಇರಲಿಲ್ಲ. ಇದು ನ್ಯಾಯವಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಡಿವಿಡೆಂಡ್‌ಗೇ ಕೊಳ್ಳುವವರಿಗೆ ಬ್ರಿಟನ್‌ನ ಮಾಮೂಲಿ ಕಂಪನಿ ಷೇರು ಸಲೀಸು. ಅಲ್ಲಿ ಮೂಲದಲ್ಲಿ ಕಡಿತವೇ ಇಲ್ಲ.

ವಿದೇಶಿ ಬ್ರೋಕರ್‌ಗೂ ಒಂದು ಕೊರತೆ ಇದೆ. ಸ್ವಿಸ್ ಬ್ಯಾಂಕುಗಳು ಕೊಡುವ ತೆರಿಗೆ ಪಟ್ಟಿ ನೇರವಾಗಿ ರಿಟರ್ನ್ ಸಾಫ್ಟ್‌ವೇರ್‌ಗೆ ಹೋಗುತ್ತದೆ. ಕೆಲವರು ಅದಕ್ಕೂ ಶುಲ್ಕ ಹಾಕುತ್ತಾರೆ. ವಿದೇಶಿಯವರಲ್ಲಿ ಇದ್ದರೆ ಒಂದೊಂದು ಷೇರನ್ನೂ ನಾವೇ ತುಂಬಬೇಕಾಗಬಹುದು. ಡಿಸೆಂಬರ್ 31ರ ಬೆಲೆ, ಡಿವಿಡೆಂಡ್ ಎಲ್ಲ ಫ್ರಾಂಕಿನಲ್ಲಿ ಸ್ವಿಸ್ ಕೇಂದ್ರ ತೆರಿಗೆ ಇಲಾಖೆಯ ದರಪಟ್ಟಿಯಲ್ಲಿ ಉಚಿತವಾಗಿ ಸಿಗುತ್ತದೆ. ನಾಲ್ಕೈದು ಷೇರು ಇದ್ದವರಿಗೆ ಒಂದು ಸಂಜೆಯ ಕೆಲಸ.

ಸಾಯಂಕಾಲ ಕಾಫಿ ಕುಡಿಯುವಾಗ ಅವನು ಮೆಲ್ಲಗೆ ಕೇಳಿದ: "ಅಕ್ಕಾ, ಅಪ್ಪ ನನ್ನ ಹೆಸರಲ್ಲಿ ತಗೊಂಡಿದ್ದ ಇನ್ಫೋಸಿಸ್ ಷೇರು ಇದೆ. ಅದಕ್ಕೂ ಇದೆಲ್ಲ ಇದೆಯಾ?" ಇದೆ. 2020ರ ಏಪ್ರಿಲ್‌ನಿಂದ ಭಾರತದಲ್ಲಿ ಡಿವಿಡೆಂಡ್ ತೆರಿಗೆ ಷೇರುದಾರರ ಮೇಲೇ ಬೀಳುತ್ತದೆ. ಎನ್‌ಆರ್‌ಐಗೆ ಶೇ. 20 ಮತ್ತು ಸೆಸ್. ಒಪ್ಪಂದದಂತೆ 10. ಅದಕ್ಕೆ ಇಲ್ಲಿನ ವಾಸದ ಪ್ರಮಾಣಪತ್ರ ಮತ್ತು ಭಾರತದ ಆದಾಯ ತೆರಿಗೆ ಇಲಾಖೆಯ ಫಾರ್ಮ್ ಕೊಡಬೇಕು, ಇಲ್ಲವಾದರೆ ಅಲ್ಲಿ ರಿಟರ್ನ್ ಹಾಕಿ ರಿಫಂಡ್ ಕೇಳಬೇಕು. ಉಳಿದ 10 ಇಲ್ಲಿ ಡಿಎ-1ಗೆ ಸೇರುತ್ತದೆ. ಅಮೆರಿಕದ 30 ಫ್ರಾಂಕಿನ ಜೊತೆ ಅದೂ ಸೇರಿದರೆ 100 ಫ್ರಾಂಕಿನ ಗೆರೆ ಅಷ್ಟು ದೂರ ಇರುವುದಿಲ್ಲ.

"ಡಿಮ್ಯಾಟ್ ಖಾತೆ ಎನ್‌ಆರ್‌ಒಗೆ, ಅಂದ್ರೆ ಎನ್‌ಆರ್‌ಐಗಳ ಖಾತೆಗೆ, ಬದಲಾಯಿಸಿದ್ದೀಯಾ?" ಅಂತ ಕೇಳಿದೆ. ಇನ್ನೂ ಹಳೆಯ ಹಾಗೇ ಇತ್ತು. ಹೊರದೇಶದ ವಾಸಿ ಆದ ಮೇಲೆ ಅದನ್ನು ಬದಲಾಯಿಸಲೇಬೇಕು. ಬೇಕಾದ ಕಾಗದಗಳನ್ನು ಕೇಳಿ ಅವನು ಅಲ್ಲೇ ಕೂತು ಊರಿನ ಬ್ಯಾಂಕಿಗೆ ಮೇಲ್ ಹಾಕಿದ. ಅಪ್ಪನಿಗೂ ಫೋನ್ ಮಾಡಿ ಹಳೆಯ ಖರೀದಿ ಚೀಟಿಗಳನ್ನು ಹುಡುಕಿಡಲು ಹೇಳಿದ.