ಮಾರ್ಟಿನ್ಸ್‌ವಿಲ್ ರೇಸಿಗೆ ಹೊರಟಿದ್ದೀರಾ?

ಅಮೆರಿಕದ ನಾರ್ತ್ ಕ್ಯಾರೊಲಿನಾದ ರಾಲಿ, ಕೇರಿ ಊರುಗಳ ಕಡೆಯ ಕನ್ನಡದವರು ನಾಸ್ಕಾರ್ ಕಾರ್ ರೇಸ್ ನೋಡಬೇಕು ಅಂದಾಗ ಮೊದಲು ಅದೇ ರಾಜ್ಯದ ಷಾರ್ಲಟ್ ಹೆಸರು ಹೇಳುತ್ತಾರೆ. ನನ್ನ ಕೇಳಿದರೆ ಮೊದಲು ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ಗೆ ಹೋಗಿ. ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಿಂದ ಸುಮಾರು ಒಂದು ಗಂಟೆ ದಾರಿ. ಟ್ರ್ಯಾಕ್ ಒಂದು ಸುತ್ತಿಗೆ ಬರೀ 0.526 ಮೈಲಿ. ದೊಡ್ಡ ಟ್ರ್ಯಾಕ್‌ಗಳಲ್ಲಿ ಕಾರು ಆ ತುದಿಗೆ ಹೋದರೆ ಚುಕ್ಕಿಯಷ್ಟೇ ಕಾಣುತ್ತದೆ. ಇಲ್ಲಿ ಹಾಗಲ್ಲ.

1947ರಿಂದ ಇಲ್ಲಿ ರೇಸ್ ನಡೆಯುತ್ತಿದೆ. ಉದ್ದಕ್ಕೆ ಎರಡು ನೇರ ದಾರಿ, ಎರಡೂ ತುದಿಗೆ ಗಕ್ಕನೆ ತಿರುವು. ಅದಕ್ಕೇ 'ಪೇಪರ್ ಕ್ಲಿಪ್' ಅನ್ನೋ ಅಡ್ಡಹೆಸರು. ನೇರದಲ್ಲಿ ಡಾಂಬರು, ತಿರುವಿನಲ್ಲಿ ಕಾಂಕ್ರೀಟು. ತಿರುವಿನಲ್ಲಿ ಟ್ರ್ಯಾಕ್ ಒಳಕ್ಕೆ ವಾಲಿರುವುದು 12 ಡಿಗ್ರಿ ಮಾತ್ರ, ಹಾಗಾಗಿ ಬ್ರೇಕ್ ಒತ್ತದೆ ಗತಿಯಿಲ್ಲ. ಬೆಳಕು ಇಳಿಯುತ್ತಿದ್ದಂತೆ ಚಕ್ರದ ಒಳಗೆ ನೋಡಿ. ತಿರುವಿಗೆ ಬಂದಾಗ ಬ್ರೇಕ್ ಡಿಸ್ಕ್ ಕೆಂಪಗೆ ಕಾದು ಹೊಳೆಯುತ್ತದೆ, ನೇರಕ್ಕೆ ಬಂದರೆ ಮಂಕಾಗುತ್ತದೆ. ಸುಮಾರು 20 ಸೆಕೆಂಡಿಗೆ ಒಂದು ಸುತ್ತು, ಮತ್ತೆ ಅದೇ ಆಟ. ಮುಂದಿನವನು ದಾರಿ ಬಿಡಲಿಲ್ಲವೋ, ಹಿಂದಿನವನು ಬಂಪರಿನಿಂದ ಒಂದು ತಳ್ಳು ಕೊಡುತ್ತಾನೆ. ಸ್ಟ್ಯಾಂಡಿನಲ್ಲಿ ಅರ್ಧ ಜನ ಎದ್ದು ಚಪ್ಪಾಳೆ, ಇನ್ನರ್ಧ ಬೈಗುಳ.

ಟಿಕೆಟ್ ತೆಗೆದುಕೊಳ್ಳುವಾಗ ಮೇಲಿನ ಸಾಲು ಹಿಡಿಯಿರಿ. ಕೆಳಗೆ ಬೇಲಿ ಅಡ್ಡ ಬರುತ್ತದೆ, ಟೈರಿನ ರಬ್ಬರ್ ಚೂರು ತಲೆ ಮೇಲೆಲ್ಲಾ ಬೀಳುತ್ತವೆ. ಮಕ್ಕಳಿದ್ದರೆ ಕಿವಿಗೆ ಇಯರ್‌ಮಫ್ ಬೇಕೇ ಬೇಕು, ಹತ್ತಿ ಸಾಲದು. ಡ್ರೈವರ್‌ಗಳ ರೇಡಿಯೋ ಮಾತು ಕೇಳಿಸುವ ಸ್ಕ್ಯಾನರ್ ಬಾಡಿಗೆಗೆ ಸಿಕ್ಕರೆ ಬಿಡಬೇಡಿ. ಡ್ರೈವರ್ ತನ್ನ ತಂಡದವರ ಜೊತೆ ರೇಡಿಯೋದಲ್ಲಿ ಜಗಳವಾಡುವುದು ಕೇಳಿದರೆ ರೇಸ್ ಬೇರೆಯೇ ಅನ್ನಿಸುತ್ತದೆ.

ಇಲ್ಲಿನ ಹಾಟ್ ಡಾಗ್ ಹೆಸರುವಾಸಿ. ಗುಲಾಬಿ ಬಣ್ಣದ ಸಾಸೇಜ್, ಮೇಲೆ ಚಿಲ್ಲಿ ಅನ್ನೋ ಮಾಂಸದ ಗೊಜ್ಜು, ಸ್ಲಾ ಅನ್ನೋ ಕೋಸಿನ ಸಲಾಡ್, ಈರುಳ್ಳಿ. ಸಸ್ಯಾಹಾರಿಗಳಿಗೆ ಹೆಚ್ಚೇನೂ ಇಲ್ಲ. ಸುಮ್ನೆ ಚಿತ್ರಾನ್ನ ಕಟ್ಟಿಕೊಳ್ಳಿ. ಯಾವ ಅಳತೆಯ ಬ್ಯಾಗು ಒಳಗೆ ಬಿಡುತ್ತಾರೆ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ವಸಂತದಲ್ಲೊಂದು, ಶರತ್ಕಾಲದ ಕೊನೆಗೊಂದು ದೊಡ್ಡ ರೇಸ್. ಎರಡರಲ್ಲಿ ಒಂದೇ ಅಂದರೆ ಎರಡನೆಯದು. ಅಲ್ಲಿ ಸೀಸನ್ನಿನ ಚಾಂಪಿಯನ್ ಯಾರು ಅನ್ನೋ ಲೆಕ್ಕಾಚಾರವೂ ಸೇರಿ ಗಲಾಟೆ ಜಾಸ್ತಿ. 2022ರಲ್ಲಿ ರಾಸ್ ಚಾಸ್ಟೇನ್ ಅನ್ನೋ ಡ್ರೈವರ್ ಕೊನೇ ಸುತ್ತಿನಲ್ಲಿ ಗೋಡೆಗೆ ಒರಗಿಸಿಕೊಂಡೇ ಕಾರು ಓಡಿಸಿ ಐದು ಜನರನ್ನು ಹಿಂದೆ ಹಾಕಿದ್ದು ಅದರಲ್ಲೇ. ಸ್ವೆಟರ್ ಮರೀಬೇಡಿ, ಬಿಸಿಲು ಹೋದ ತಕ್ಷಣ ಚಳಿ.

ಮುಗಿದ ಕೂಡಲೇ ಕಾರಿಗೆ ಓಡಬೇಡಿ. ಪಾರ್ಕಿಂಗ್‌ನಿಂದ ಆಚೆ ಬರಲು ಹೇಗೂ ಹೊತ್ತಾಗುತ್ತದೆ. ಗೆದ್ದವನಿಗೆ ಇಲ್ಲಿ ಆಳೆತ್ತರದ ಗಡಿಯಾರ ಕೊಡುತ್ತಾರೆ, 1964ರಿಂದ ಬಂದ ಪದ್ಧತಿ. ಅದನ್ನು ನೋಡಿಕೊಂಡೇ ಹೊರಡಿ.