ಊಟಕ್ಕೆ ಹೊತ್ತಾಯ್ತು ಅಂತ ಬಿಟ್ಟ ಬ್ಲ್ಯಾಂಕ್

ನಿನ್ನ ಕೆಲಸ ಏನು ಅಂತ ಊರಲ್ಲಿ ಯಾರಾದರೂ ಕೇಳಿದರೆ ‘ಗಾಳಿ ಹಿಡಿಯೋದು’ ಅನ್ನುತ್ತೇನೆ. ನಗುತ್ತಾರೆ. ಸುಳ್ಳಂತೂ ಅಲ್ಲ.

ಜಾಗ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ನಿ-ಓಲೆಸುಂಡ್, 79 ಡಿಗ್ರಿ ಉತ್ತರ. ಮೊದಲು ಕಲ್ಲಿದ್ದಲ ಗಣಿಯ ಊರು. 1962ರಲ್ಲಿ ಗಣಿ ಸ್ಫೋಟವಾಗಿ 21 ಜನ ಸತ್ತರು, ಮರುವರ್ಷ ಗಣಿ ಮುಚ್ಚಿತು. ಈಗ ಊರಿಡೀ ಸಂಶೋಧನೆಯದೇ. ನಮ್ಮ ದೇಶದ ಹಿಮಾದ್ರಿ ಕೇಂದ್ರವೂ 2008ರಿಂದ ಅಲ್ಲೇ ಇದೆ. ನಾನು ಗಾಳಿ ಹಿಡಿಯುವ ಕಟ್ಟಡದ ಹೆಸರು ಗ್ರೂವೆಬಾಡೆಟ್. ಅಂದರೆ ಗಣಿಯವರ ಸ್ನಾನದ ಮನೆ. ಮೈಯ ಮಸಿ ತೊಳೆದುಕೊಳ್ಳುತ್ತಿದ್ದ ಜಾಗದಲ್ಲಿ ಕೂತು ನಾವು ಗಾಳಿಯಲ್ಲಿರುವ ಮಸಿ ಅಳೆಯುತ್ತೇವೆ.

ಅಷ್ಟು ದೂರ ಯಾಕೆ ಹೋಗಬೇಕು? ಅಲ್ಲಿ ಹೊಲ ಇಲ್ಲ, ಕಾರ್ಖಾನೆ ಇಲ್ಲ. ಅಲ್ಲಿನ ಗಾಳಿಯಲ್ಲಿ ಕೀಟನಾಶಕ ಸಿಕ್ಕಿತು ಅಂದರೆ ಅದು ಸಾವಿರಾರು ಕಿಲೋಮೀಟರ್ ದಾಟಿ ಬಂದಿದೆ ಅಂತಲೇ ಅರ್ಥ. ನಾನು ಪುತ್ತೂರು ಕಡೆಯವನು. ಕೊಕ್ಕಡದ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದದ್ದು ನಮ್ಮ ಮನೆಗಳಲ್ಲಿ ಇನ್ನೂ ಮಾತಾಗುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಅದನ್ನು ನಿಲ್ಲಿಸಿತು. ಅದೇ ವರ್ಷ ಅದು ಸ್ಟಾಕ್‌ಹೋಮ್ ಒಪ್ಪಂದದ, ಅಂದರೆ ಬೇಗ ಕರಗದೆ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ, ನಿಷೇಧ ಪಟ್ಟಿಗೂ ಸೇರಿತು. ಸೇರಿಸಲು ಕೊಟ್ಟ ಕಾರಣಗಳಲ್ಲಿ ಆರ್ಕ್ಟಿಕ್ ಗಾಳಿಯಲ್ಲಿ ಅದು ಸಿಕ್ಕಿದ್ದೂ ಒಂದು. ನಮ್ಮ ತೋಟದ್ದೇ ಅಲ್ಲಿಗೆ ಹೋಗಿತ್ತು ಅಂತ ಯಾರೂ ಹೇಳುವ ಹಾಗಿಲ್ಲ. ಆದರೂ ಆ ಪಟ್ಟಿ ಓದುವಾಗ ನನಗೆ ಸುಮ್ನೆ ಓದಿ ಮುಂದೆ ಹೋಗಲಾಗಲಿಲ್ಲ.

ಸರಿ, ಕೆಲಸದ ವಿಷಯಕ್ಕೆ ಬರ್ತೀನಿ.

ನನ್ನ ಮೊದಲ ಬೇಸಿಗೆಯಲ್ಲಿ ಕೊಟ್ಟದ್ದು ಸಿಲಾಕ್ಸೇನ್ ಕೆಲಸ. ಸಿಲಾಕ್ಸೇನ್ ಅಂದರೆ ಸಿಲಿಕಾನ್ ಇರುವ ಒಂದು ಬಗೆಯ ರಾಸಾಯನಿಕ. ತಲೆಗೂದಲ ಸೀರಮ್, ಡಿಯೋಡರೆಂಟ್, ಕ್ರೀಮುಗಳಲ್ಲಿ ‘ಡಿ5’ ಅನ್ನುವ ಸಿಲಾಕ್ಸೇನ್ ಇರುತ್ತದೆ. ಹಚ್ಚಿದಾಗ ನುಣುಪು ಅನಿಸುತ್ತದಲ್ಲ, ಅದು ಇದರದೇ ಮಹಿಮೆ. ಹಚ್ಚಿದ ಸ್ವಲ್ಪ ಹೊತ್ತಿಗೇ ಮೈಯಿಂದ ಆವಿಯಾಗುತ್ತದೆ. ಕೆಲವು ದಿನ ಗಾಳಿಯಲ್ಲಿ ಉಳಿಯುತ್ತದೆ. ಧ್ರುವ ಮುಟ್ಟಲು ಅಷ್ಟು ಸಾಕು. ಬಿಸಿಲಿದ್ದಾಗ ಬೇಗ ಒಡೆದುಹೋಗುತ್ತದೆ. ಹಾಗಾಗಿ ಸೂರ್ಯ ಮುಳುಗದ ಬೇಸಿಗೆಯಲ್ಲಿ ಕಡಿಮೆ, ಕತ್ತಲ ಚಳಿಗಾಲದಲ್ಲಿ ಜಾಸ್ತಿ. ಜಾಸ್ತಿ ಅಂದರೂ ಒಂದು ಘನ ಮೀಟರ್ ಗಾಳಿಗೆ ಕೆಲವೇ ನ್ಯಾನೊಗ್ರಾಂ.

ಹಿಡಿಯುವುದು ಹೀಗೆ. ಇಂಜೆಕ್ಷನ್ ಸಿರಿಂಜಿನಂಥ ಚಿಕ್ಕ ಕೊಳವೆ, ಒಳಗೆ ಹೀರಿಕೊಳ್ಳುವ ಪುಡಿ. ಅದನ್ನು ಪಂಪಿಗೆ ಸಿಕ್ಕಿಸಿ ಗಾಳಿ ಎಳೆಸಬೇಕು. ಆಮೇಲೆ ಮುಚ್ಚಳ ಹಾಕಿ, ಅಲ್ಯೂಮಿನಿಯಂ ಹಾಳೆ ಸುತ್ತಿ, ಚೀಟಿ ಅಂಟಿಸಿ ಫ್ರೀಜರಿಗೆ. ಪ್ರತಿ ಸಲವೂ ಒಂದು ಕೊಳವೆ ಬ್ಲ್ಯಾಂಕ್, ಅಂದರೆ ಹೋಲಿಸಿ ನೋಡಲು ಗಾಳಿ ಎಳೆಸದೇ ಇಡುವ ಖಾಲಿ ಕೊಳವೆ. ಅದಕ್ಕೂ ಎಲ್ಲ ಪೂಜೆ ಆಗಬೇಕು. ತೆಗೆ, ಸಿಕ್ಕಿಸು, ಬಿಚ್ಚು, ಮುಚ್ಚು, ಸುತ್ತು. ಪಂಪು ಮಾತ್ರ ಹಾಕುವಂತಿಲ್ಲ. ನೋಡಿದವರಿಗೆ ಇವನಿಗೇನು ಹುಚ್ಚು ಅನಿಸಬೇಕು. ನನಗೇ ಅನಿಸಿತ್ತು.

ಆ ಊರಲ್ಲಿ ಎಲ್ಲರಿಗೂ ಒಂದೇ ಮೆಸ್. ಸಂಜೆ ಊಟ ಬೇಗ, ಬಾಗಿಲು ಮುಚ್ಚುವುದೂ ಬೇಗ. ಬ್ಲ್ಯಾಂಕ್ ಮಾಡುತ್ತ ಕೂತರೆ ಇಪ್ಪತ್ತು ನಿಮಿಷ ಹೋಯ್ತು. ಮೊದಲ ವಾರ ಶ್ರದ್ಧೆಯಿಂದ ಮಾಡಿದೆ, ಏನೂ ಬರಲಿಕ್ಕಿಲ್ಲ ಅಂದುಕೊಂಡೆ. ಎರಡನೇ ವಾರ ಮಳೆ, ಹಸಿವು ಬೇರೆ. ಬಿಟ್ಟೆ. ಮೂರನೇ ವಾರ ನೆಪವೂ ಬೇಕಾಗಲಿಲ್ಲ.

ತಿಂಗಳುಗಳ ನಂತರ ಲ್ಯಾಬಿನಿಂದ ಅಂಕಿ ಬಂತು. ಎರಡನೇ, ಮೂರನೇ ವಾರ ಡಿ5 ಚಳಿಗಾಲದ್ದಕ್ಕಿಂತಲೂ ಮೇಲೆ! ಯುರೋಪಿನಿಂದ ಗಾಳಿ ಹೇಗೆ ಬಂದಿರಬಹುದು ಅಂತ ನಕ್ಷೆ ಹಾಕಿದೆ, ನಾಲ್ಕು ಸ್ಲೈಡ್ ಮಾಡಿದೆ. ನಮ್ಮ ಮೇಡಂ ಮೊದಲನೆಯದನ್ನಷ್ಟೇ ನೋಡಿದರು.

‘ಬ್ಲ್ಯಾಂಕ್ ಎಷ್ಟು ಬಂದಿದೆ?’

‘ಆ ಎರಡು ವಾರ ಮಾಡಿಲ್ಲ ಮೇಡಂ.’

‘ಇಪ್ಪತ್ನಾಲ್ಕು ಗಂಟೆ ಬಿಸಿಲಿರುವಾಗ ಡಿ5 ಏರಿದೆ ಅಂತೀರಿ. ನಿಮ್ಮ ಡೈರಿ ತಗೊಂಡು ಬನ್ನಿ.’

ಡೈರಿಯಲ್ಲಿ ನನ್ನದೇ ಅಕ್ಷರ: ‘ಒಣ ಗಾಳಿ. ಬೆರಳು ಒಡೆದು ರಕ್ತ. ರೂಮಿನವರ ಕ್ರೀಮ್ ಹಚ್ಚಿದೆ, ಪರವಾಗಿಲ್ಲ.’ ಅದರ ಕೆಳಗೆ: ‘ಮುಚ್ಚಳ ಬಿಗಿ, ಗ್ಲೋವ್ಸ್ ತೆಗೆದು ಬಿಚ್ಚಿದೆ.’ ಮೇಡಂ ಅದನ್ನು ಜೋರಾಗಿ ಓದಲೂ ಇಲ್ಲ. ಪುಟ ನನ್ನ ಕಡೆ ತಿರುಗಿಸಿದರು, ಅಷ್ಟೇ.

ಬ್ಲ್ಯಾಂಕ್ ಇದ್ದಿದ್ದರೆ ಎಷ್ಟು ನನ್ನ ಕೈಯದ್ದು, ಎಷ್ಟು ಆರ್ಕ್ಟಿಕ್‌ನದ್ದು ಅಂತ ಹೇಳಬಹುದಿತ್ತು. ಇರಲಿಲ್ಲ. ಎರಡು ವಾರದ ಲೆಕ್ಕ ಕಸದ ಬುಟ್ಟಿಗೆ. ಆ ಎರಡು ವಾರ ಮತ್ತೆ ಬರುವುದಿಲ್ಲ, ಅಲ್ವಾ? ನೀರಿನ ಮಾದರಿ ಹಾಳಾದರೆ ಎಷ್ಟೋ ಸಲ ಮತ್ತೊಂದು ಬಾಟಲಿ ತುಂಬಿ ತರಬಹುದು. ಹೋದ ಗಾಳಿಯನ್ನು ಎಲ್ಲಿಂದ ತರೋದು?

ಮರುವರ್ಷ ಮೇಡಂ ನನ್ನಿಂದಲೇ ಒಂದು ಪ್ರಯೋಗ ಮಾಡಿಸಿದರು. ಬೇಕಂತಲೇ ಕೈಗೆ ಕ್ರೀಮ್ ಹಚ್ಚಿಕೊಂಡು ಒಂದು ಬ್ಲ್ಯಾಂಕ್, ಹಚ್ಚದೆ ಒಂದು. ಪಂಪು ಮುಟ್ಟಿರಲಿಲ್ಲ, ಹೊರಗಿನ ಗಾಳಿ ಒಂದು ಗುಟುಕೂ ಒಳಗೆ ಹೋಗಿರಲಿಲ್ಲ. ಆದರೂ ಕ್ರೀಮಿನದ್ದು ನನ್ನ ಹಳೇ ‘ಯುರೋಪಿನ ಗಾಳಿ’ಯ ಅಂಕಿಯನ್ನೂ ದಾಟಿತು.

ಆಮೇಲೆ ನನಗೆ ಎಲ್ಲದರ ಮೇಲೂ ಅನುಮಾನ. ನೀರು ಇಳಿಯದ ಜಾಕೆಟ್ಟಿನಲ್ಲಿ ಪಿಎಫ್‌ಎಎಸ್ ಅನ್ನುವ, ನೀರು ಅಂಟದ ಹಾಗೆ ಮಾಡುವ ರಾಸಾಯನಿಕ ಇರಬಹುದು. ಸೋಫಾದ ಸ್ಪಂಜಿನಲ್ಲಿ ಬೆಂಕಿ ತಡೆಯುವ ರಾಸಾಯನಿಕ ಇರಬಹುದು. ಎರಡನ್ನೂ ನಾವು ಅದೇ ಕಟ್ಟಡದಲ್ಲಿ ಅಳೆಯುವವರು! ಮಸಿಯದ್ದೂ ಇದೇ ಕಥೆ. ಬೇಸಿಗೆಯಲ್ಲಿ ಅಲ್ಲಿ ಘನ ಮೀಟರಿಗೆ ಹತ್ತಿಪ್ಪತ್ತು ನ್ಯಾನೊಗ್ರಾಂ ಮಸಿ ಇದ್ದರೆ ನಮ್ಮ ನಗರಗಳಲ್ಲಿ ಸಾವಿರಗಳ ಲೆಕ್ಕ. ಹಾಗಾಗಿ ಕೊಲ್ಲಿಗೆ ಒಂದು ಪ್ರವಾಸಿ ಹಡಗು ಬಂದು ಗಾಳಿ ನಮ್ಮ ಕಡೆ ತಿರುಗಿದರೆ ಮಸಿಯ ಗ್ರಾಫಿನ ಗೆರೆ ಜಿಗಿಯುತ್ತದೆ. ಡೈರಿಯಲ್ಲಿ ಹಡಗು ಬಂದ ಹೊತ್ತು ಬರೆದಿಲ್ಲ ಅಂದರೆ ಅದೂ ‘ದೂರದಿಂದ ಬಂದ ಹೊಗೆ’ಯೇ. ಹಾಗಂತ ದೂರದ ಹೊಗೆ ಬರೋದೇ ಇಲ್ಲ ಅಂತಲ್ಲ. 2006ರ ವಸಂತದಲ್ಲಿ ಪೂರ್ವ ಯುರೋಪಿನ ಹೊಲಗಳಿಗೆ ಹಚ್ಚಿದ ಬೆಂಕಿಯ ಹೊಗೆ ಅಲ್ಲಿನ ಜೆಪೆಲಿನ್ ಬೆಟ್ಟದ ಕೇಂದ್ರಕ್ಕೆ ನಿಜವಾಗಿಯೂ ಬಂದಿತ್ತು.

ಕೈ ಮಾತ್ರ ಈಗಲೂ ಒಡೆಯುತ್ತದೆ. ಅಮ್ಮ ಕೊಬ್ಬರಿ ಎಣ್ಣೆ ಕಳಿಸುತ್ತಾರೆ, ಊರ ಗಾಣದ್ದು. ಅದನ್ನೂ ಒಂದು ಸಲ ಬ್ಲ್ಯಾಂಕ್ ಮಾಡಿ ನೋಡಿದ ಮೇಲೆಯೇ ಮೇಡಂ ಒಪ್ಪಿದ್ದು. ಬಾಟಲಿಯಲ್ಲಿ ತಂದರೆ ಅಲ್ಲಿ ಕಲ್ಲಾಗಿ ಹೊರಗೇ ಬರುವುದಿಲ್ಲ. ಅಗಲ ಬಾಯಿಯ ಡಬ್ಬಿಗೆ ಹಾಕಿ ಕೊಡಮ್ಮ ಅಂತ ಈ ಸಲ ಮೊದಲೇ ಹೇಳಿಟ್ಟಿದ್ದೇನೆ.