ದಿನವೂ ಜನರ ನಡುವೆಯೇ ಇದ್ದರೂ ಜನರ ಭಯ ಏಕೆ ಹೋಗುವುದಿಲ್ಲ?

ಮುಂಬಯಿಯ ಕನ್ನಡ ಸಂಘಗಳಲ್ಲಿ ಮಾನಸಿಕ ಆರೋಗ್ಯದ ಕುರಿತು ಮಾತನಾಡಲು ಹೋದಾಗ, ಕಾರ್ಯಕ್ರಮ ಮುಗಿದು ಜನ ಉಪಾಹಾರದ ಕಡೆಗೆ ಸರಿದ ಮೇಲೆ, ಯಾರಾದರೊಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ. "ಮೇಡಂ, ನಾಲ್ಕು ಜನರ ಎದುರು ಬಾಯಿ ತೆರೆಯಬೇಕು ಅಂದ್ರೆ ಎದೆ ಹೊಡ್ಕೊಳ್ಳತ್ತೆ. ರೂಢಿ ಆದ್ರೆ ಹೋಗತ್ತೆ ಅಂತ ಎಲ್ಲರೂ ಹೇಳ್ತಾರೆ. ದಿನಾ ಲೋಕಲ್ ಟ್ರೇನು, ಆಫೀಸು, ಸೊಸೈಟಿ ಅಂತ ಜನರ ಮಧ್ಯೆಯೇ ಇದ್ದೀನಲ್ಲ, ಇಷ್ಟು ವರ್ಷ ಆದ್ರೂ ಯಾಕೆ ರೂಢಿ ಆಗಿಲ್ಲ?" ಮನಶ್ಶಾಸ್ತ್ರಜ್ಞೆಯಾಗಿ ನಾನು ಎದುರಿಸುವ ಪ್ರಶ್ನೆಗಳಲ್ಲಿ ಇದು ಅತ್ಯಂತ ಬುದ್ಧಿವಂತಿಕೆಯದು ಎಂದು ನನಗನ್ನಿಸಿದೆ. ಏಕೆಂದರೆ ರೂಢಿಯೊಂದರಿಂದಲೇ ಈ ಭಯ ಹೋಗುವಂತಿದ್ದರೆ ಇಷ್ಟು ಜನಸಂದಣಿಯ ನಗರದಲ್ಲಿ ಅದು ಯಾರಲ್ಲಿಯೂ ಉಳಿಯಬಾರದಾಗಿತ್ತು.

ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ತಮ್ಮದು ಹುಟ್ಟಿನಿಂದ ಬಂದ ಸಂಕೋಚವೆಂದೇ ನಂಬಿರುತ್ತಾರೆ. ಸಂಕೋಚದ ಸ್ವಭಾವದವರು ಹೊಸಬರ ಎದುರು ಸ್ವಲ್ಪ ಹೊತ್ತು ಅಳುಕಿ, ಪರಿಚಯವಾದ ಮೇಲೆ ಹಗುರಾಗುತ್ತಾರೆ. ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಸಾಮಾಜಿಕ ಆತಂಕದ ಕಾಯಿಲೆ ಬೇರೆ; ಅದರಲ್ಲಿ, ಇತರರು ತನ್ನನ್ನು ಗಮನಿಸಿ ಕೀಳಾಗಿ ಎಣಿಸುತ್ತಾರೆಂಬ ಭಯ ತಿಂಗಳುಗಟ್ಟಲೆ ಬಿಡದೆ ಕಾಡುತ್ತದೆ. ಮೀಟಿಂಗ್‌ನಲ್ಲಿ ಮಾತನಾಡಬೇಕಾದೀತೆಂದು ಬಡ್ತಿಯನ್ನೇ ಬೇಡವೆನ್ನುವುದು, ಸಹಿ ಮಾಡುವಾಗ ಕೈ ನಡುಗೀತೆಂದು ಬ್ಯಾಂಕಿಗೆ ಹೋಗದಿರುವುದು, ಮದುವೆಯ ಊಟದ ಪಂಕ್ತಿಯಲ್ಲಿ ಕೂರಲಾರದೆ ಮುಯ್ಯಿ ಕೊಟ್ಟು ಹಿಂದಿರುಗುವುದು, ಇವೆಲ್ಲ ಅದರ ಫಲ. ಬ್ರಿಟನ್ನಿನ ಐಸಾಕ್ ಮಾರ್ಕ್ಸ್ ಮತ್ತು ಮೈಕಲ್ ಗೆಲ್ಡರ್ 1966ರಲ್ಲಿ ಇದನ್ನು ಇತರ ಭಯಗಳಿಂದ ಬೇರ್ಪಡಿಸಿ ಗುರುತಿಸಿದರು; ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಲ್ಲಿ ಇದಕ್ಕೆ ಸ್ಥಾನ ಸಿಕ್ಕಿದ್ದು 1980ರಲ್ಲಿ. ಈಗಿನ ಕೈಪಿಡಿ, ಭಯ ಸಾಮಾನ್ಯವಾಗಿ ಆರು ತಿಂಗಳು ಅಥವಾ ಹೆಚ್ಚು ಕಾಲ ಇದ್ದು ಬದುಕಿಗೆ ಅಡ್ಡಿಯಾಗುತ್ತಿದ್ದರೆ ಮಾತ್ರ ಕಾಯಿಲೆಯೆಂದು ಪರಿಗಣಿಸುತ್ತದೆ. ಹೆಚ್ಚಿನವರಲ್ಲಿ ಇದು ಎಂಟರಿಂದ ಹದಿನೈದರ ವಯಸ್ಸಿನಲ್ಲೇ ಶುರುವಾಗುವುದರಿಂದ, ಮೂವತ್ತು ದಾಟುವ ಹೊತ್ತಿಗೆ ಇದಿಲ್ಲದ ತನ್ನನ್ನು ಆ ವ್ಯಕ್ತಿ ಕಲ್ಪಿಸಿಕೊಳ್ಳಲಾರದಷ್ಟು ಅದು ಒಳಗೆ ಬೇರೂರಿರುತ್ತದೆ.

ಹಿರಿಯರೊಬ್ಬರು ಒಮ್ಮೆ ನನ್ನೊಡನೆ ವಾದಿಸಿದ್ದರು: "ನಾವು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು, ನಮಗೆ ಇಂಥ ಕಾಯಿಲೆಯೆಲ್ಲ ಇರಲಿಲ್ಲ." ಅವರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದೇ ಹೋಟೆಲುಗಳಲ್ಲಿ, ಗಲ್ಲಾದಲ್ಲಿ ಕೂರುವ ಅವಕಾಶ ಬಂದರೂ ಒಲ್ಲೆನೆಂದು ಕೊನೆಯವರೆಗೂ ಒಳಗಿನ ಅಡುಗೆಮನೆಯಲ್ಲೇ ಉಳಿದವರೂ ಇದ್ದರು. ಏಕೆ ಒಲ್ಲೆ ಎಂದು ಅವರನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಈಗ ಪ್ರಶ್ನೆಗೆ ಬರುತ್ತೇನೆ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ಇದಕ್ಕೆ ಕೊಟ್ಟ ವಿವರಣೆ ನನ್ನ ಅನುಭವಕ್ಕೆ ತೀರಾ ಹತ್ತಿರವಾಗಿದೆ. ಭಯವಿರುವ ವ್ಯಕ್ತಿ ಜನರ ನಡುವೆ ಬಂದ ಕೂಡಲೇ ಅವನ ಗಮನ ಜನರಿಂದ ಸರಿದು ತನ್ನ ಒಳಗಿಗೆ ತಿರುಗುತ್ತದೆ: ಎದೆಬಡಿತ, ಕಿವಿಯ ಬಿಸಿ, ದನಿಯ ನಡುಕ. ಆ ಒಳಗಿನ ಅನುಭವದಿಂದಲೇ ಅವನು ಹೊರಗೆ ತಾನು ಹೇಗೆ ಕಾಣುತ್ತಿರಬಹುದೆಂಬ ಚಿತ್ರವನ್ನು ಕಟ್ಟಿಕೊಳ್ಳುತ್ತಾನೆ. ಮುಖ ಸುಡುತ್ತಿದೆಯೆಂದರೆ ಎಲ್ಲರಿಗೂ ಕೆಂಪಾಗಿ ಕಾಣುತ್ತಿದೆಯೆಂದೇ ಅವನ ಲೆಕ್ಕ. ಎದುರಿಗಿರುವವರ ಮುಖವನ್ನು ಅವನು ನೋಡುತ್ತಲೇ ಇಲ್ಲವಾದ್ದರಿಂದ ಆ ಚಿತ್ರ ಸುಳ್ಳೆಂದು ತಿಳಿಯುವ ದಾರಿಯೂ ಅವನಿಗಿಲ್ಲ. ಹೀಗೆ ದಾದರಿನ ಸೇತುವೆಯ ಮೇಲೆ ಸಾವಿರ ಜನರೊಡನೆ ನಡೆದರೂ ಅವನು ಜನರ ನಡುವೆ ಇರುವುದಿಲ್ಲ. ತನ್ನದೇ ಚಿತ್ರದ ಎದುರು ಒಬ್ಬನೇ ನಿಂತಿರುತ್ತಾನೆ.

ಇದಕ್ಕಿಂತ ಮುಖ್ಯವಾದುದು ಎರಡನೆಯ ಅಂಶ. ಭಯವಿರುವವರು ಅವಮಾನದಿಂದ ಪಾರಾಗಲು ನೂರೆಂಟು ರಕ್ಷಣೆಯ ಉಪಾಯಗಳನ್ನು ಮಾಡಿಕೊಂಡಿರುತ್ತಾರೆ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಪದೇಪದೇ ಹೇಳಿಕೊಂಡು ನೋಡುವುದು, ಎದುರಿನವರ ಕಣ್ಣು ತಪ್ಪಿಸುವುದು, ನಡುಗುವುದು ಕಾಣದಂತೆ ಲೋಟವನ್ನು ಬಿಗಿಯಾಗಿ ಹಿಡಿಯುವುದು, ಬೆವರು ಕಾಣದ ಬಣ್ಣದ ಅಂಗಿಯನ್ನೇ ತೊಡುವುದು, ಫೋನು ನೋಡುತ್ತಿರುವಂತೆ ನಟಿಸುವುದು, ಸಮಾರಂಭಕ್ಕೆ ಮೊದಲು ಎರಡು ಪೆಗ್ ಹಾಕಿಕೊಳ್ಳುವುದು. ನಮ್ಮವರಿಗೆ ಇನ್ನೊಂದು ವಿಶೇಷ ಕಷ್ಟವಿದೆ. ಹಿಂದಿಯಲ್ಲಿ ವಸ್ತುಗಳಿಗೂ ಗಂಡು-ಹೆಣ್ಣೆಂಬ ಲಿಂಗವಿರುವುದರಿಂದ 'ಬಸ್ ಆಯಾ' ಎನ್ನಬೇಕೋ 'ಆಯೀ' ಎನ್ನಬೇಕೋ ಎಂಬ ಅಳುಕಿನಲ್ಲಿ ಎಷ್ಟೋ ಜನ ಹಿಂದಿಯಲ್ಲಿ ಅರ್ಧ ವಾಕ್ಯ ನುಂಗಿ ಹೂಂ, ಹೌದು ಎಂಬಷ್ಟರಲ್ಲೇ ದಿನ ಕಳೆಯುತ್ತಾರೆ. ಶೇರ್ ರಿಕ್ಷಾದಲ್ಲಿ "ರೋಕೋ" ಎಂದು ಕೂಗಲಾರದೆ, ಬೇರೆ ಯಾರಾದರೂ ನಿಲ್ಲಿಸಿದಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವರು ನನಗೆ ಗೊತ್ತು.

ಈ ಉಪಾಯಗಳ ತೊಂದರೆಯೆಂದರೆ, ದಿನ ಸುಸೂತ್ರವಾಗಿ ಕಳೆದದ್ದರ ಹೆಗ್ಗಳಿಕೆಯೆಲ್ಲ ಅವುಗಳ ಪಾಲಾಗುತ್ತದೆ. ಮೀಟಿಂಗ್‌ನಲ್ಲಿ ಯಾರೂ ನಗಲಿಲ್ಲವೆಂದರೆ, 'ನಾನು ತಯಾರಿ ಮಾಡಿಕೊಂಡು ಬಂದಿದ್ದರಿಂದ ಬಚಾವಾದೆ' ಎಂದು ಮನಸ್ಸು ತೀರ್ಮಾನಿಸುತ್ತದೆಯೇ ಹೊರತು, 'ಜನ ನಗುವುದೇ ಇಲ್ಲ' ಎಂದಲ್ಲ. ಸುರುಳಿ ಸುತ್ತಿದ ಹಗ್ಗವನ್ನು ಹಾವೆಂದು ತಿಳಿದು ದಿನವೂ ದೂರದಿಂದ ಸುತ್ತು ಬಳಸಿ ಹೋಗುವವನಿಗೆ, ಕಚ್ಚಲಿಲ್ಲವೆಂಬ ಅನುಭವ ಸಾವಿರ ಸಲ ಆದರೂ ಅದು ಹಗ್ಗವೆಂದು ತಿಳಿಯುವುದಿಲ್ಲ. ಅದಕ್ಕೇ ಹತ್ತು ವರ್ಷವಾದರೂ ರೂಢಿಯಾಗದಿರುವುದು. ಉಪಾಯಗಳು ತಿರುಗಿ ಕಚ್ಚುವುದೂ ಉಂಟು: ಬಿಗಿಯಾಗಿ ಹಿಡಿದ ಕೈಯೇ ಹೆಚ್ಚು ನಡುಗುತ್ತದೆ, ಕಣ್ಣು ತಪ್ಪಿಸುವವರನ್ನು ಜನ ಅಹಂಕಾರಿಯೆಂದು ಭಾವಿಸಿ ದೂರವಿಡುತ್ತಾರೆ.

ಇದು ಬರೀ ಊಹೆಯಲ್ಲ. 1995ರಲ್ಲೇ ವೆಲ್ಸ್ ಮತ್ತು ಸಂಗಡಿಗರು ಎಂಟು ಮಂದಿ ರೋಗಿಗಳೊಡನೆ ನಡೆಸಿದ ಚಿಕ್ಕ ಅಧ್ಯಯನದಲ್ಲಿ, ಭಯದ ಸನ್ನಿವೇಶಕ್ಕೆ ಸುಮ್ಮನೆ ಹೋಗುವುದಕ್ಕಿಂತ ರಕ್ಷಣೆಯ ಉಪಾಯಗಳನ್ನು ಕೈಬಿಟ್ಟು ಹೋದಾಗ ಆತಂಕವೂ, ಭಯಪಟ್ಟದ್ದು ಆಗಿಯೇ ತೀರುತ್ತದೆಂಬ ನಂಬಿಕೆಯೂ ಹೆಚ್ಚು ಇಳಿದವು. ಕ್ಲಾರ್ಕ್ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿಗೆ ಈ ತಿಳಿವಳಿಕೆಯ ಆಧಾರದ ಚಿಕಿತ್ಸೆ, ಇನ್ನೊಂದಕ್ಕೆ ಖಿನ್ನತೆ, ಆತಂಕಗಳಿಗೆ ಕೊಡುವ ಫ್ಲುವಾಕ್ಸೆಟೀನ್ ಮಾತ್ರೆಯ ಜೊತೆಗೆ 'ಭಯವಾಗುವಲ್ಲಿಗೆ ನೀವೇ ಹೋಗಿ' ಎಂಬ ಸೂಚನೆ, ಮೂರನೆಯದಕ್ಕೆ ಔಷಧವಿಲ್ಲದ ಹುಸಿ ಮಾತ್ರೆಯೊಡನೆ ಅದೇ ಸೂಚನೆ ಕೊಡಲಾಗಿತ್ತು. ಉಳಿದೆರಡಕ್ಕಿಂತ ಮೊದಲನೆಯ ಗುಂಪೇ ಸ್ಪಷ್ಟವಾಗಿ ಹೆಚ್ಚು ಸುಧಾರಿಸಿತು. ಯಾವ ಕಾಯಿಲೆಗೆ ಯಾವ ಚಿಕಿತ್ಸೆಯೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿ ವಯಸ್ಕರಿಗೆ ಮೊದಲು ಕೊಡಬೇಕಾದುದು ಒಬ್ಬೊಬ್ಬರಿಗೇ ನಡೆಸುವ ಇಂಥ ಚಿಕಿತ್ಸೆಯೆಂದೂ, ಅದು ತಲಾ ಒಂದೂವರೆ ಗಂಟೆಯ ಹದಿನಾಲ್ಕು ಭೇಟಿಗಳವರೆಗೆ, ಸುಮಾರು ನಾಲ್ಕು ತಿಂಗಳು ನಡೆಯಬೇಕೆಂದೂ ಹೇಳಿತು.

ಹಾಗಾದರೆ ಆ ಭೇಟಿಗಳಲ್ಲಿ ನಡೆಯುವುದೇನು? ಧೈರ್ಯ ಹೇಳುವುದಂತೂ ಅಲ್ಲ. ಮೊದಲ ಭೇಟಿಗಳಲ್ಲೇ ವ್ಯಕ್ತಿ ಅಪರಿಚಿತರೊಬ್ಬರೊಡನೆ ಎರಡು ಸಲ ಐದೈದು ನಿಮಿಷ ಮಾತನಾಡುತ್ತಾರೆ. ಮೊದಲ ಸಲ ತಮ್ಮ ಎಲ್ಲ ಉಪಾಯಗಳನ್ನೂ ಬಳಸಿ, ತಮ್ಮನ್ನೇ ಗಮನಿಸಿಕೊಳ್ಳುತ್ತ. ಎರಡನೆಯ ಸಲ ಉಪಾಯಗಳನ್ನು ಬಿಟ್ಟು, ಎದುರಿನವರ ಮಾತಿಗೇ ಕಿವಿಗೊಟ್ಟು. ಎರಡನ್ನೂ ವಿಡಿಯೊ ಮಾಡಿಕೊಳ್ಳುತ್ತೇವೆ. ತೋರಿಸುವ ಮೊದಲು ಕೇಳುತ್ತೇವೆ: ನಿಮ್ಮ ಮುಖ ನೂರಕ್ಕೆ ಎಷ್ಟು ಕೆಂಪಾಗಿತ್ತು, ಕೈ ಎಷ್ಟು ನಡುಗಿತು, ಎಷ್ಟು ಹೊತ್ತು ಮಾತು ನಿಂತಿತ್ತು? ತೊಂಬತ್ತು, ತೊಂಬತ್ತೈದು ಎಂದು ಬರೆದುಕೊಟ್ಟವರು, ಬೇರೆ ಯಾರನ್ನೋ ನೋಡುವಂತೆ ಆ ವಿಡಿಯೊ ನೋಡಿ ಬಹಳ ಹೊತ್ತು ಮಾತನಾಡದೆ ಕೂರುವುದನ್ನು ಕಂಡಿದ್ದೇನೆ. ಒಳಗೆ ಬಿರುಗಾಳಿಯೆದ್ದಾಗ ಹೊರಗೆ ಕಾಣುವುದು ಎಷ್ಟು ಕಡಿಮೆ ಎಂಬುದನ್ನು ಯಾವ ಸಾಂತ್ವನದ ಮಾತೂ ಹೀಗೆ ಮನಗಾಣಿಸಲಾರದು.

ಆಮೇಲೆ ಪರೀಕ್ಷೆಗಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಕುಂದಾಪುರದ ಕಡೆಯ ಒಬ್ಬ ಯುವಕನೆಂದು ಇಟ್ಟುಕೊಳ್ಳಿ; ಗುರುತು ಸಿಗದಂತೆ ಹಲವರ ವಿವರಗಳನ್ನು ಬೆರೆಸಿ ಹೇಳುತ್ತಿದ್ದೇನೆ. 'ಹಿಂದಿ ತಪ್ಪಿದರೆ ಕೇಳುವವರು ಮುಖ ಸಿಂಡರಿಸುತ್ತಾರೆ' ಎಂಬುದು ಅವನ ಖಚಿತ ನಂಬಿಕೆ. ಅದನ್ನು ಕಾಗದದ ಮೇಲೆ ಬರೆದು, ಎಷ್ಟು ನಂಬುತ್ತೀಯೆಂದು ಅಂಕ ಹಾಕಿಸಿ, ಸ್ಟೇಷನ್ನಿನ ಹೊರಗೆ ಹೋಗಿ ಬೇಕೆಂದೇ ಲಿಂಗ ತಪ್ಪಿಸಿ ಕೆಲವರನ್ನು ಬಸ್ಸಿನ ಬಗ್ಗೆ ಕೇಳಿಸುತ್ತೇನೆ. ಕೇಳುವಾಗ ನೆಲ ನೋಡುವಂತಿಲ್ಲ, ಎದುರಿನವರ ಮುಖವನ್ನೇ ನೋಡಬೇಕು. ಅವನು ತಂದ ವರದಿ: ಜನ ಕೈಚಾಚಿ ದಾರಿ ತೋರಿಸಿದರು, ಒಬ್ಬರು ಬಸ್ಸಿನ ನಂಬರನ್ನೂ ಹೇಳಿದರು, ಒಬ್ಬರು ಅವಸರದಲ್ಲಿ ಉತ್ತರಿಸದೆ ಹೋದರು. ಮುಂಬಯಿಯ ಹಿಂದಿಯೇ ಹತ್ತು ಭಾಷೆಯವರ ಬಾಯಲ್ಲಿ ಬೆಳೆದದ್ದು. ಇಲ್ಲಿ ವ್ಯಾಕರಣ ಕೇಳಿಸಿಕೊಳ್ಳುವ ಪುರುಸೊತ್ತು ಯಾರಿಗಿದೆ? ಉತ್ತರಿಸದೆ ಹೋದವರ ಬಗ್ಗೆಯೂ ಮಾತನಾಡಲೇಬೇಕು, ಏಕೆಂದರೆ ಎಲ್ಲರೂ ಒಳ್ಳೆಯವರೆಂದು ಸಾಬೀತು ಮಾಡುವುದು ಚಿಕಿತ್ಸೆಯ ಗುರಿಯಲ್ಲ. ಒಬ್ಬರು ಮುಖ ತಿರುಗಿಸಿದರೂ ತಾನು ಕುಸಿಯುವುದಿಲ್ಲವೆಂಬುದೂ ಕಂಡುಕೊಳ್ಳಬೇಕಾದ ಸತ್ಯವೇ. ಮುಂದೆ ಅಂಗಡಿಗೆ ವಸ್ತು ಹಿಂದಿರುಗಿಸುವುದು, ಹೋಟೆಲಿನಲ್ಲಿ ಬೇಕೆಂದೇ ನೀರು ಚೆಲ್ಲುವುದು, ಕೊನೆಗೆ ಮೀಟಿಂಗ್‌ನಲ್ಲಿ ಬಾಯಿಪಾಠವಿಲ್ಲದೆ ಒಂದು ಪ್ರಶ್ನೆ ಕೇಳುವುದು. ಪ್ರತಿ ಸಲವೂ ಮೊದಲು ಬರೆದ ಊಹೆ, ಆಮೇಲೆ ಆದದ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು; ಇದನ್ನು ಬಿಟ್ಟರೆ ಪರೀಕ್ಷೆ ಮತ್ತೆ ಬರೀ ಓಡಾಟವಾಗುತ್ತದೆ. ಮಾತು ಮುಗಿದ ರಾತ್ರಿ ಹಾಸಿಗೆಯಲ್ಲಿ ಮಲಗಿ, ತಾನು ಏನೇನು ತಪ್ಪಿದೆನೆಂದು ನಡೆಸುವ ಪಂಚನಾಮೆಯನ್ನೂ ನಿಲ್ಲಿಸಲೇಬೇಕು, ಏಕೆಂದರೆ ಅಲ್ಲಿ ಸಾಕ್ಷಿಯಾಗುವುದು ಆ ಹಳೆಯ ಚಿತ್ರವೊಂದೇ.

ಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಕಟುವಾಗಿಯೇ ಹೇಳುತ್ತೇನೆ. ಅಂಜುವ ಮಗುವನ್ನು ಭಯ ಬಿಡಿಸಲೆಂದು ರಾಜ್ಯೋತ್ಸವದ ವೇದಿಕೆಗೆ ಏಕಾಏಕಿ ತಳ್ಳಬೇಡಿ. ಮೇಲೆ ಹೇಳಿದ ಪರೀಕ್ಷೆಗಳಿಗೆ ಒಪ್ಪಿಗೆ ಇರುತ್ತದೆ, ಸಣ್ಣದರಿಂದ ದೊಡ್ಡದಕ್ಕೆ ಹೋಗುವ ಕ್ರಮ ಇರುತ್ತದೆ, ಆಮೇಲೆ ಕೂತು ಮಾತನಾಡುವವರು ಇರುತ್ತಾರೆ. ತಳ್ಳಿದ ಮಗುವಿಗೆ ಇವು ಮೂರೂ ಇಲ್ಲ. ಅದಕ್ಕೆ ಉಳಿಯುವುದು ನೂರಾರು ಜನರ ಎದುರು ಅತ್ತ ನೆನಪು. ಹಾಗೆಂದು ಅಂಗಡಿಯವನೊಡನೆ, ಶಿಕ್ಷಕರೊಡನೆ, ನೆಂಟರೊಡನೆ ಮಗುವಿನ ಪರವಾಗಿ ಅಮ್ಮನೇ ಯಾವಾಗಲೂ ಉತ್ತರಿಸುವುದೂ ಭಯವನ್ನು ಸಾಕುತ್ತದೆ.

ಔಷಧದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಬರೆದುಕೊಡುವ ಅಧಿಕಾರ ಮನೋವೈದ್ಯರದು, ನನ್ನದಲ್ಲ. ಎಸ್ಸಿಟಾಲೊಪ್ರಾಮ್, ಸರ್ಟ್ರಲೀನ್, ಪ್ಯಾರೊಕ್ಸೆಟೀನ್‌ನಂಥ ಮಾತ್ರೆಗಳು ಅನೇಕರಿಗೆ ನಿಜವಾಗಿ ನೆರವಾಗುತ್ತವೆ. ಆದರೆ ಪರಿಣಾಮ ಕಾಣಲು ವಾರಗಳು ಬೇಕು, ಮತ್ತು ಚೆನ್ನಾಗಿದ್ದೇನೆಂದು ಹಠಾತ್ತಾಗಿ ನಿಲ್ಲಿಸಬಾರದು. ವೇದಿಕೆಯ ನಡುಕಕ್ಕೆಂದು ಗೆಳೆಯರಿಂದ ಎದೆಬಡಿತ ತಗ್ಗಿಸುವ ಪ್ರೊಪ್ರನೊಲೋಲ್ ಮಾತ್ರೆ ಪಡೆದು ನುಂಗುವವರಿದ್ದಾರೆ. ಆಸ್ತಮಾ ಇರುವವರಿಗೆ ಅದು ಅಪಾಯಕಾರಿ. ಆತಂಕ ತಣಿಸುವ ಆಲ್ಪ್ರಜೋಲಮ್ ಮಾತ್ರೆ ಬೇಗ ಹಿತ ಕೊಡುತ್ತದೆ, ಆದರೆ ಬಿಡಲಾರದ ಚಟವಾಗಿಬಿಡಬಹುದು.

ಎಲ್ಲಿಗೆ ಹೋಗಬೇಕು? ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಹೊರರೋಗಿ ವಿಭಾಗಗಳಿವೆ. ಪುಣೆಯವರಿಗೆ ಸಸೂನ್, ಗೋವಾದವರಿಗೆ ಬಾಂಬೋಲಿಯ ಮಾನಸಿಕ ಚಿಕಿತ್ಸಾ ಸಂಸ್ಥೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲಿರುಳೂ ಲಭ್ಯ, ಕನ್ನಡವೂ ಅದರ ಭಾಷೆಗಳಲ್ಲಿ ಸೇರಿದೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆಗಳಿರುವವರಲ್ಲಿ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಾಮಾಜಿಕ ಆತಂಕದವರಿಗೆ ಇಲ್ಲಿ ಇನ್ನೊಂದು ಗೋಡೆಯಿದೆ: ಅವರ ಕಾಯಿಲೆಯೇ ಅಪರಿಚಿತರೊಡನೆ ಮಾತನಾಡುವ ಭಯ, ಚಿಕಿತ್ಸೆಗೆ ಮೊದಲ ಹೆಜ್ಜೆಯೇ ಅಪರಿಚಿತರಿಗೆ ಫೋನು ಮಾಡುವುದು.

ಇದಕ್ಕೆ ನಾನು ಹೇಳುವ ದಾರಿ ಸರಳವಾದುದು. ಮೊದಲ ಅಪಾಯಿಂಟ್‌ಮೆಂಟ್ ಅನ್ನು ಮನೆಯವರೋ ಗೆಳೆಯರೋ ಮಾಡಿಕೊಡಲಿ, ತಪ್ಪಿಲ್ಲ. ಬರುವ ಮುನ್ನ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ: ಯಾವ ಸನ್ನಿವೇಶಗಳಲ್ಲಿ ಭಯವಾಗುತ್ತದೆ, ಯಾವುದನ್ನೆಲ್ಲ ತಪ್ಪಿಸುತ್ತಿದ್ದೀರಿ, ಎಂದಿನಿಂದ ಹೀಗಿದೆ, ಕುಡಿತದ ಆಸರೆ ಪಡೆಯುತ್ತಿದ್ದೀರೋ, ಬದುಕುವುದೇ ಬೇಡವೆನ್ನಿಸಿದೆಯೋ. ವೈದ್ಯರಿಗೆ ಕನ್ನಡ ಬಾರದಿದ್ದರೆ ಯಾರಿಂದಲಾದರೂ ಹಿಂದಿಗೋ ಮರಾಠಿಗೋ ಮಾಡಿಸಿಕೊಳ್ಳಿ. ಒಳಗೆ ಹೋದ ಮೇಲೆ ಮಾತು ಹೊರಡದಿದ್ದರೆ ಆ ಹಾಳೆಯನ್ನು ಮೇಜಿನ ಮೇಲಿಡಿ. ಅದನ್ನು ಓದಿ ಪ್ರಶ್ನೆ ಕೇಳುವುದು ನಮ್ಮ ಕೆಲಸ. ಮೊದಲ ದಿನ ನೀವು ಹೌದು, ಅಲ್ಲ ಎಂದಷ್ಟೇ ತಲೆಯಾಡಿಸಿದರೂ ಚಿಕಿತ್ಸೆ ಶುರುವಾಗುತ್ತದೆ.